ನಮ್ಮ ಸಂಘದ ಹಳೆ ತಬಲಾ

(ಹವಳಗಾ ಗ್ರಾಮದ ಕಲಿಕಾ ಕೇಂದ್ರದಲ್ಲಿ, ಅಕ್ಷರ ಕಲಿತ ಅಕ್ಕಂದಿರ ಮುಂದೆ ಆಡಿದ ಮಾತು)



ಇವತ್ತು ಪಾಠದ ಪುಸ್ತಕ ಮುಚ್ಚಿ ಇಡ್ರಿ. ಸ್ಲೇಟೂ ಬ್ಯಾಡ. ಇವತ್ತು ನಾವು ತಬಲಾದ ಮಾತು ಆಡೋಣ.

ನಮ್ಮ ಭಜನಾ ಸಂಘದ ತಬಲಾ ನೀವೆಲ್ಲ ನೋಡೀರಿ. ಪ್ರತಿ ಸೋಮವಾರ ಅದರ ನಾದ ಕೇಳತೀರಿ. ಬೇರೆ ಊರಿನವರು ಬಂದರೆ, "ಹೊಸಾದು ಭಾಳ ಚಲೋ ಅದ. ಎಷ್ಟು ಕೊಟ್ಟು ತಂದ್ರಿ?" ಅಂತ ಕೇಳುತ್ತಾರೆ. ಅದು ಹೊಸದಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಹುಟ್ಟುವ ಮೊದಲೇ ಅದು ಹುಟ್ಟಿತ್ತು. ಅದು ನಮ್ಮ ಕೈಗೆ ಹೇಗೆ ಬಂತು, ಹೇಗೆ ಮತ್ತೆ ಮಾತಾಡಿತು, ಅದನ್ನೇ ಹೇಳುತ್ತೇವೆ.

ಹೋದ ವರ್ಷದ ಮಾತು. ಶ್ರಾವಣಕ್ಕೆ ಇನ್ನೂ ಎರಡು ತಿಂಗಳು ಇತ್ತು. ನಮ್ಮ ಸಂಘದಲ್ಲಿ ತಾಳ ಇದ್ದವು. ದಮ್ಮಡಿ ಇತ್ತು. ಒಬ್ಬರ ಮನೆಯ ಪೇಟಿ ಇತ್ತು. ತಬಲಾ ಮಾತ್ರ ಇರಲಿಲ್ಲ. ಗಂಡಸರ ಭಜನಾ ಮಂಡಳಿಯ ತಬಲಾ ಕೇಳಿದರೆ, "ನಾಳೆ ಕೊಡತೀವಿ" ಅನ್ನುತ್ತಿದ್ದರು. ಆ ನಾಳೆ ಬರಲೇ ಇಲ್ಲ. ಕಡೆಗೆ ನಮ್ಮ ಖಜಾಂಚಿ ಅಕ್ಕ ಸಿಟ್ಟಾದರು. "ನಮ್ಮ ರೊಕ್ಕ ಅದ. ನಾವೇ ತಗೊಳ್ಳೋಣು" ಅಂದರು.

ಸಂಘದ ಪುಸ್ತಕದಲ್ಲಿ 11,400 ರೂಪಾಯಿ ಇತ್ತು. ಕಲಬುರಗಿಯ ಅಂಗಡಿಯಲ್ಲಿ ಕೇಳಿದೆವು. ತಾಮ್ರದ ಡಗ್ಗಾ, ಕಟ್ಟಿಗೆಯ ತಬಲಾ, ಒಂದು ಹೊಸ ಜೋಡಿಗೆ 9,500 ರೂಪಾಯಿ ಅಂದರು. ವಾರಕ್ಕೆ 20 ರೂಪಾಯಿ ಕೂಡಿಸಿದ ರೊಕ್ಕ ಅದು. ತೊಗರಿ ಕೊಯ್ದು, ಕಬ್ಬಿನ ಹೊಲದಾಗ ಕಸ ತೆಗೆದು ಕೂಡಿಸಿದ್ದು. ಒಂದೇ ದಿನ ಅಷ್ಟು ಕೊಟ್ಟರೆ ಉಳಿಯುವುದು 1,900 ರೂಪಾಯಿ. ಯಾರಿಗಾದರೂ ದವಾಖಾನಿ ಬಂದರೆ ಆ ರೊಕ್ಕ ಎಲ್ಲಿ ಸಾಲುತ್ತದೆ? ಆದರೂ ಸಭೆಯಲ್ಲಿ ಕೈ ಎತ್ತಿದೆವು. ನಾವೂ ಎತ್ತಿದೆವು. ಸುಳ್ಳು ಯಾಕ ಹೇಳಬೇಕು?

ಆವಾಗ ಒಬ್ಬ ಅಕ್ಕ ಎದ್ದು ನಿಂತರು. ಅವರ ಹೆಸರು ಹೇಳುವುದಿಲ್ಲ. ಇಲ್ಲೇ ಕುಂತಾರ. ನಾಚತಾರ.

"ನಮ್ಮ ತವರುಮನ್ಯಾಗ ಅಪ್ಪನ ತಬಲಾ ಅದಾವ್ರಿ. ಅಟ್ಟದ ಮ್ಯಾಲ ಬಿದ್ದಾವ. ತಮ್ಮ ಒಲಿಗೆ ಹಾಕತೀನಿ ಅನ್ನಲತ್ತಾನ" ಅಂದರು.

ಆ ಅಕ್ಕನ ತವರು ಭೀಮಾ ದಂಡೆಯ ಊರು. 2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ದೊಡ್ಡ ಪ್ರವಾಹ ಬಂದದ್ದು ನಿಮಗೆಲ್ಲ ನೆನಪು ಇರಬೇಕು. ಮಳೆಯೂ ಸುರಿಯಿತು. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ನೀರೂ ಬಂತು. ನಮ್ಮ ಅಫಜಲಪುರ ತಾಲೂಕಿನ ದಂಡೆಯ ಊರುಗಳಲ್ಲಿ ಮನೆಯೊಳಗೆ ನೀರು ನಿಂತಿತು. ಜೋಳ, ಹಾಸಿಗೆ, ದನದ ಮೇವು ಎಲ್ಲ ಹೋಯಿತು. ತಬಲಾ ಯಾರು ನೋಡುತ್ತಾರೆ? ಅದು ಎರಡು ದಿನ ನೀರಲ್ಲಿ ನೆನೆಯಿತು. ಆಮೇಲೆ ಯಾರೋ ಅಟ್ಟಕ್ಕೆ ಒಗೆದರು.

ಮುಂದಿನ ವಾರ ಆ ಅಕ್ಕ ಒಂದು ಗೋಣಿಚೀಲ ಹೊತ್ತು ತಂದರು. ಬಿಚ್ಚಿ ನೋಡಿದರೆ ಅಯ್ಯೋ ಅನ್ನಿಸಿತು. ಚರ್ಮ ಕೊಳೆತು ಜೋತುಬಿದ್ದಿತ್ತು. ನಡುವಿನ ಕರಿ ಹಕ್ಕಳೆಯಂತೆ ಎದ್ದಿತ್ತು. ಪಟ್ಟಿಗಳು ಒಣಗಿ ಕಟ್ಟಿಗೆ ಆಗಿದ್ದವು. ತಾಮ್ರದ ಡಗ್ಗಾ ಹಸಿರು ಬಂದು, ಒಂದು ಕಡೆ ನೆಗ್ಗಿತ್ತು. ಜೊತೆಗೆ ಒಂದು ಢೋಲಕ್ ಸಹ ಇತ್ತು. ಕೆಲವರು ಮೂಗು ಮುಚ್ಚಿಕೊಂಡರು. "ಇದರಾಗ ಏನು ಉಳದದ?" ಅಂದರು ಖಜಾಂಚಿ ಅಕ್ಕ.

ಏನು ಉಳದದ ಅನ್ನುವುದೇ ಸರಿಯಾದ ಪ್ರಶ್ನೆ. ಅದನ್ನು ನೋಡಲು ಕಲಿಯಬೇಕು.

ತಬಲಾಕ್ಕೆ ಎರಡು ಭಾಗ ಇವೆ ಅಂತ ತಿಳಿಯಿರಿ. ಒಂದು ಒಡಲು, ಇನ್ನೊಂದು ಮೇಲಿನ ಚರ್ಮ. ಒಡಲು ಕಟ್ಟಿಗೆಯದು, ಇಲ್ಲವೇ ತಾಮ್ರ, ಹಿತ್ತಾಳೆಯದು. ಅದು ಜೋಪಾನ ಇಟ್ಟರೆ ಅಜ್ಜನ ಕಾಲದ್ದು ಮೊಮ್ಮಗನ ಕಾಲಕ್ಕೂ ಬರುತ್ತದೆ. ಚರ್ಮ ಹಾಗಲ್ಲ. ಅದು ಸವೆಯುತ್ತದೆ, ಹರಿಯುತ್ತದೆ. ಹೊಸ ತಬಲಾ ತಂದರೂ ಕೆಲವು ವರ್ಷಕ್ಕೆ ಚರ್ಮ ಬದಲಿಸಲೇಬೇಕು. ಹಾಗಾದರೆ ಚರ್ಮ ಹರಿದ ತಬಲಾ ಸತ್ತ ತಬಲಾ ಅಲ್ಲ. ಬೀಸುಕಲ್ಲು ನುಣ್ಣಗಾದರೆ ನಮ್ಮ ಅವ್ವಂದಿರು ಕಲ್ಲು ಒಗೆಯುತ್ತಿದ್ದರೇನು? ಕಲ್ಲಿಗೆ ಮುಳ್ಳು ಹೊಡೆಸುತ್ತಿದ್ದರು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದರು. ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವ ಕೈ ನಮ್ಮವು.

ಒಡಲು ಗಟ್ಟಿ ಇದೆಯೋ ಇಲ್ಲವೋ ಹೇಗೆ ನೋಡುವುದು? ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳ ಗಂಟಿನಿಂದ ಬಾರಿಸಿ ನೋಡುತ್ತೀರಲ್ಲ? ಹಾಗೇ. ಸೀಳಿದ ಕಟ್ಟಿಗೆ ಒಡಕು ದನಿ ಮಾಡುತ್ತದೆ. ತಬಲಾ ಬೋರಲು ಹಾಕಿ ಬಿಳಿ ಅರಿವೆಯ ಮೇಲೆ ಜಾಡಿಸಿ ನೋಡಿದೆವು. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳ ಇದೆ ಅಂತ ಅರ್ಥ. ತಬಲಾದಿಂದ ಪುಡಿ ಉದುರಲಿಲ್ಲ. ಢೋಲಕಿನಿಂದ ಹಿಡಿ ತುಂಬ ಉದುರಿತು. ಅದರ ಕಟ್ಟಿಗೆ ಉಗುರಿನಿಂದ ಒತ್ತಿದರೆ ಬ್ರೆಡ್ಡಿನಂತೆ ಒಳಗೆ ಹೋಗುತ್ತಿತ್ತು. ಆ ಢೋಲಕ್ ಬಿಟ್ಟೆವು. ಎಲ್ಲ ಹಳೆಯದೂ ಉಳಿಯುವುದಿಲ್ಲ. ಕಟ್ಟಿಗೆ ಆರಪಾರು ಸೀಳಿದ್ದರೆ, ಹುಳ ತಿಂದಿದ್ದರೆ ಅದಕ್ಕೆ ರೊಕ್ಕ ಹಾಕಬಾರದು.

ಇಲ್ಲಿ ನಮ್ಮ ತಪ್ಪೂ ಹೇಳಬೇಕು. ನಾವು ಬಿ.ಇಡಿ. ಅಲ್ಲ, ಟಿ.ಸಿ.ಎಚ್. ಮಾಡಿದವರು. ಮಕ್ಕಳಿಗೆ ಪಾಠ ಹೇಳಲು ಬರುತ್ತದೆ. ತಬಲಾ ಬರುವುದಿಲ್ಲ. ಹಲಗಿ ಬಾರಿಸುವ ಮೊದಲು ಬೆಂಕಿಗೆ ಕಾಯಿಸುವುದು ನೋಡಿದ್ದೆವು. ಕಾಯಿಸಿದರೆ ಹಲಗಿಯ ಚರ್ಮ ಬಿಗಿಯುತ್ತದೆ. ಅದೇ ಬುದ್ಧಿ ಓಡಿಸಿ ಆ ತಬಲಾವನ್ನು ಒಲೆ ಮುಂದೆ ಇಟ್ಟೆವು. ಉಳಿದಿದ್ದ ಕರಿಯೂ ಟಪ ಟಪ ಸಿಡಿದು ಬಿತ್ತು. ಆ ಚರ್ಮ ಹೇಗೂ ಹೋಗಿತ್ತು, ಅದಕ್ಕೆ ಬದುಕಿಕೊಂಡೆವು. ಹಲಗಿಗೆ ಬೆಂಕಿ ಬೇಕು, ತಬಲಾಕ್ಕೆ ಬೆಂಕಿ ಬ್ಯಾಡ. ಇದು ನಮಗೆ ಅವತ್ತು ತಿಳಿಯಿತು.

ಆಮೇಲೆ ತಿಳಿದವರನ್ನು ಹುಡುಕಿದೆವು. ಕಲಬುರಗಿಯ ಒಂದು ಓಣಿಯಲ್ಲಿ ತಬಲಾ ಕಟ್ಟುವ ಒಬ್ಬ ಹಿರಿಯರು ಇದ್ದಾರೆ ಅಂತ ಗೊತ್ತಾಯಿತು. ನಾಲ್ಕು ಮಂದಿ ಹೊರಟೆವು. ಬಸ್ಸಿನ ಖರ್ಚು ಇಲ್ಲ. 2023ರ ಜೂನಿನಿಂದ ನಮ್ಮ ರಾಜ್ಯದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿಗೆ ರೊಕ್ಕ ಇಲ್ಲ. ಆಧಾರ್ ಕಾರ್ಡು ತೋರಿಸಿದೆವು. ತಬಲಾ ಮಡಿಲಲ್ಲಿ, ಡಗ್ಗಾ ಕಾಲಲ್ಲಿ ಇಟ್ಟುಕೊಂಡು ಕುಂತೆವು. ಕಂಡಕ್ಟರ್ ನಕ್ಕರು. "ಏನ್ರವ್ವಾ, ಬಸ್ಸಿನಾಗೇ ಭಜನಿ ಏನು?" ಅಂದರು.

ಆ ಹಿರಿಯರ ಮನೆಯ ಮುಂದಿನ ಕಟ್ಟೆಯೇ ಅವರ ಅಂಗಡಿ. ತಬಲಾ ಕೈಗೆ ತಗೊಂಡರು. ಏನೂ ಮಾತಾಡಲಿಲ್ಲ. ಬೆರಳಿಂದ ಬಾರಿಸಿದರು. ಬಾಯಿಯ ಅಂಚಿನ ಮೇಲೆ ಅಂಗೈ ಆಡಿಸಿದರು. ಅಂಚು ಸಮ ಇಲ್ಲದಿದ್ದರೆ ಎಂಥ ಚರ್ಮ ಹಾಕಿದರೂ ಗುಂಯ್ ಅನ್ನುತ್ತದಂತೆ. ಆಮೇಲೆ ಅಂದರು: "ತಾಯಿ, ಇಂಥ ಒಣಗಿದ ಕಟ್ಟಿಗಿ ಈಗ ಸಿಗೂದಿಲ್ಲ. ಇದನ್ನ ನೆರಳಾಗ ಒಣಗಿಸೀರಿ, ಉಳದದ. ಬಿಸಲಿಗೆ ಇಟ್ಟಿದ್ದರ ಸೀಳತಿತ್ತು." ನೆರಳಲ್ಲಿ ಒಣಗಿಸಿದ್ದು ನಮ್ಮ ಜಾಣತನ ಅಲ್ಲ. ಅಟ್ಟಕ್ಕೆ ಒಗೆದವರ ಪುಣ್ಯ.

ಹೊಸ ತಬಲಾ ಎಲ್ಲ ಕೆಟ್ಟವು ಅಂತ ಅವರು ಹೇಳಲಿಲ್ಲ. ನಾವೂ ಹೇಳುವುದಿಲ್ಲ. ಆದರೆ ಹಸಿ ಕಟ್ಟಿಗೆಯಲ್ಲಿ ಮಾಡಿದ ಅಗ್ಗದ ತಬಲಾ ನಮ್ಮ ಕಡೆಯ ಬೇಸಿಗೆ ತಡೆಯುವುದಿಲ್ಲ.

ಆ ಹಿರಿಯರು ಒಂದೊಂದೇ ಭಾಗ ಬಿಚ್ಚಿ ಹೆಸರು ಹೇಳಿದರು. ಮೇಲಿನ ಚರ್ಮಕ್ಕೆ ಪುಡಿ ಅನ್ನುತ್ತಾರೆ. ಖಾರಪುಡಿ ಅಲ್ಲ, ತಬಲಾದ ಪುಡಿ! ಅದು ಆಡಿನ ಚರ್ಮ. ಪುಡಿಯ ಸುತ್ತ ಜಡೆ ಹೆಣೆದಂತೆ ಚರ್ಮದ ಹೆಣಿಗೆ ಇರುತ್ತದೆ. ಅದಕ್ಕೆ ಗಜರಾ ಅಂತ ಹೆಸರು. ಗಜರಾದಲ್ಲಿ 16 ಮನೆ ಇರುತ್ತವೆ. ಆ ಮನೆಗಳಲ್ಲಿ ಉದ್ದನೆಯ ಚರ್ಮದ ಪಟ್ಟಿ ಪೋಣಿಸಿ ಮೇಲಿಂದ ಕೆಳಗೆ ಎಳೆಯುತ್ತಾರೆ. ಪಟ್ಟಿಯ ಕೆಳಗೆ 8 ಕಟ್ಟಿಗೆಯ ತುಂಡು ಸೇರಿಸುತ್ತಾರೆ. ಅವಕ್ಕೆ ಗಟ್ಟಾ ಅನ್ನುತ್ತಾರೆ. ಸುತ್ತಿಗೆಯಿಂದ ಗಟ್ಟಾ ಕೆಳಗೆ ಇಳಿಸಿದರೆ ಚರ್ಮ ಬಿಗಿದು ಸ್ವರ ಏರುತ್ತದೆ. ಮೇಲೆ ಏರಿಸಿದರೆ ಸ್ವರ ಇಳಿಯುತ್ತದೆ. ತಬಲಾ ಕೂಡಿಸಲು ಕೆಳಗೆ ಒಂದು ಬಳೆಯಂಥದ್ದು ಇರುತ್ತದೆ. ಅದು ನಮಗೆ ಗೊತ್ತು. ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬಿಯೇ ಅದು.

ನಡುವಿನ ಕರಿಗೆ ಶಾಹಿ ಅನ್ನುತ್ತಾರೆ. ಕಬ್ಬಿಣದ ಸಣ್ಣ ಪುಡಿ, ಹಿಟ್ಟಿನ ಅಂಟು, ಕಾಡಿಗೆ ಕಲಸಿ ಅದನ್ನು ಮಾಡುತ್ತಾರೆ. ಒಂದೇ ಸಲ ಬಳಿಯುವುದಿಲ್ಲ. ಒಂದು ಪದರು ಹಚ್ಚಿ, ಕಲ್ಲಿನಿಂದ ತಿಕ್ಕಿ, ಮತ್ತೊಂದು ಪದರು ಹಚ್ಚುತ್ತಾರೆ. ನಡುವೆ ದಪ್ಪ, ಅಂಚಿಗೆ ತೆಳು. ತಬಲಾದಲ್ಲಿ ಅದು ನಟ್ಟನಡುವೆ ಇರುತ್ತದೆ. ಡಗ್ಗಾದಲ್ಲಿ ಒಂದು ಬದಿಗೆ ಸರಿದಿರುತ್ತದೆ.

ಈ ಕರಿ ಬೊಟ್ಟು ಅಂದಕ್ಕೆ ಇಟ್ಟದ್ದು ಅಂತ ನಾವು ತಿಳಿದಿದ್ದೆವು. ಅಲ್ಲ. ಬರೀ ಚರ್ಮ ಬಿಗಿದ ವಾದ್ಯದಿಂದ ಬಹಳ ದನಿಗಳು ಒಂದಕ್ಕೊಂದು ಹೊಂದದೆ ಹೊರಡುತ್ತವೆ. ಅದಕ್ಕೇ ಅದು ಧಡ್ ಅನ್ನುತ್ತದೆ. ಶಾಹಿಯ ಭಾರ ಬಿದ್ದಾಗ ಆ ದನಿಗಳು ಹೊಂದಿಕೊಂಡು ಒಂದು ಸ್ವರವಾಗುತ್ತವೆ. ಅದಕ್ಕೇ ತಬಲಾ ಪೇಟಿಯ ಜೊತೆ ಸೇರುತ್ತದೆ. ಇದನ್ನು ವಿಜ್ಞಾನದಿಂದ ತೋರಿಸಿದವರು ಸರ್ ಸಿ.ವಿ. ರಾಮನ್. 1930ರಲ್ಲಿ ನೊಬೆಲ್ ಬಹುಮಾನ ಪಡೆದ ದೊಡ್ಡ ವಿಜ್ಞಾನಿ. ಅವರು ತಬಲಾ, ಮೃದಂಗದ ದನಿಯ ಬಗ್ಗೆ 1920ರಲ್ಲಿ ಒಮ್ಮೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ಬರೆದರು. ಅವರು ಬರೆಯುವ ಎಷ್ಟೋ ಕಾಲದ ಹಿಂದೆಯೇ ಓದು ಬರಹ ಇಲ್ಲದ ಕೈಗಳು ಈ ಶಾಹಿಯನ್ನು ಕಂಡುಹಿಡಿದು ತಿಕ್ಕಿ ಕೂಡಿಸಿದ್ದವು.

ಹಿರಿಯರು ಕೇಳಿದರು: "ನೀವು ಪೇಟಿಯ ಯಾವ ಸ್ವರಕ್ಕ ಹಾಡತೀರಿ?" ನಮಗೆ ಗೊತ್ತಿರಲಿಲ್ಲ. ಒಂದು ತಬಲಾವನ್ನು ಎಲ್ಲ ಸ್ವರಕ್ಕೂ ಏರಿಸಿ ಇಳಿಸಲು ಬರುವುದಿಲ್ಲವಂತೆ. ಬಹಳ ಬಿಗಿದರೆ ಚರ್ಮ ಹರಿಯುತ್ತದೆ. ಬಹಳ ಸಡಿಲ ಬಿಟ್ಟರೆ ನಾದ ಸಾಯುತ್ತದೆ. ಪೇಟಿ ಬಾರಿಸುವ ಅಕ್ಕನಿಗೆ ಫೋನು ಹಚ್ಚಿ ಕೇಳಿದೆವು. ಅವರು ಪೇಟಿ ಒತ್ತಿ ಫೋನಿನಲ್ಲೇ ಕೇಳಿಸಿದರು. ಹಿರಿಯರು ಕಿವಿ ಕೊಟ್ಟು ಕೇಳಿ, "ಬಂತು, ಈ ಬಾಯಿಗೆ ಹೊಂದತದ" ಅಂದರು. ನೀವು ತಬಲಾ ಒಯ್ದರೆ ಹಾಡುವ ಸ್ವರ ಮೊದಲೇ ಕೇಳಿಕೊಂಡು ಹೋಗ್ರಿ.

ಈಗ ರೊಕ್ಕದ ಮಾತು. ತಬಲಾದ ಪುಡಿ 900. ಡಗ್ಗಾದ ಪುಡಿ 1,100. ಎರಡಕ್ಕೂ ಪಟ್ಟಿ 400. ಗಟ್ಟಾ ಮತ್ತು ಸಿಂಬಿ 150. ಕೈಕೂಲಿ 800. ನಮ್ಮಲ್ಲಿ ಒಬ್ಬರು ಚೌಕಾಸಿ ಮಾಡಿದರು. "ಕೂಲಿ 500 ಮಾಡ್ರಿ" ಅಂದರು. ಹಿರಿಯರು ಸುಮ್ಮನಾದರು. ಆಗ ಆ ತವರಿನ ಅಕ್ಕ ಅಂದರು: "ಯಕ್ಕಾ, ನಾವು ಹೊಲಕ್ಕ ಹೋದಾಗ ಗೌಡರು ಕೂಲಿ ಮುರದರ ನಮಗ ಹ್ಯಾಂಗ ಆಗತದ?" ಮತ್ತೆ ಯಾರೂ ಮಾತಾಡಲಿಲ್ಲ. 800 ಕೊಡಲು ಒಪ್ಪಿದೆವು.

ನಮಗೆ ಲೆಕ್ಕದ ಚೀಟಿ ಬೇಕಿತ್ತು. ಸಂಘದ ಪುಸ್ತಕಕ್ಕೆ ಹಚ್ಚಬೇಕಲ್ಲ? ಹಿರಿಯರು ತಲೆ ಕೆರೆದುಕೊಂಡರು. "ನನಗ ಬರಿಯಾಕ ಬರೂದಿಲ್ಲವ್ವಾ" ಅಂದರು. ತವರಿನ ಅಕ್ಕ ಚೀಲದಿಂದ ಪೆನ್ನು ತೆಗೆದರು. ಅವರು ಹೇಳಿದರು, ಇವರು ಬರೆದರು. ಅಕ್ಷರ ಸ್ವಲ್ಪ ಸೊಟ್ಟ ಬಂದವು. ಲೆಕ್ಕ ನೆಟ್ಟಗಿತ್ತು. ಹಿರಿಯರು ಕೆಳಗೆ ಹೆಬ್ಬೆಟ್ಟು ಒತ್ತಿದರು. "ನಿಮ್ಮ ಊರಿನ ಸಾಲಿಗೆ ಗಂಡಸರನ್ನ ಕರಕೊಳ್ತೀರೇನು?" ಅಂತ ಕೇಳಿದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ನಿಜವಾಗಿ ಕೇಳಿದ್ದರು.

ತಬಲಾ ಅಲ್ಲೇ ಬಿಟ್ಟೆವು. ಡಗ್ಗಾದ ಹೊಸ ಪುಡಿ ಬರಲು ಎಂಟು ದಿನ ಬೇಕು ಅಂದರು. ನೆಗ್ಗಿದ್ದನ್ನು ತಾಂಬಟಗಾರರ ಹತ್ತಿರ ತಟ್ಟಿಸಿಕೊಂಡು, ಬೆಳಗಿ ತರಲು ಹೇಳಿದರು. ತಟ್ಟಿಸಲು 200 ರೂಪಾಯಿ ಆಯಿತು. ಬೆಳಗುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತವರಿನ ಅಕ್ಕ ಡಗ್ಗಾವನ್ನು ತಮ್ಮ ಮನೆಗೆ ಒಯ್ದರು. ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಲು ಕುಂತರು.

ಅವತ್ತು ಸಂಜೆ ಅವರು ನಮ್ಮ ಮನೆಗೆ ಓಡಿ ಬಂದರು. ಕೈಯಲ್ಲಿ ಇನ್ನೂ ಹುಣಸೆರಸ ಇತ್ತು. "ಅಕ್ಕೋರೇ, ಬರ್ರಿ, ನೋಡ್ರಿ" ಅಂದರು.

ಹೋಗಿ ನೋಡಿದೆವು. ಹಸಿರು ಹೋಗಿ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಪಟ್ಟಿಗಳು ಮುಚ್ಚಿದ್ದ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕಿಯ ಅಕ್ಷರ ಇದ್ದವು. ಮದುವೆಯ ಪಾತ್ರೆ ಮೇಲೆ ಹೆಸರು ಕುಟ್ಟಿಸುತ್ತೇವಲ್ಲ, ಹಾಗೆ. ಆ ಅಕ್ಕ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಅಪ್ಪನ ಹೆಸರಲ್ಲ. ಅವ್ವನ ಹೆಸರು.

ಚಿಕ್ಕಂದಿನಿಂದ ಅದು ಅಪ್ಪನ ತಬಲಾ ಅಂತಲೇ ಅವರು ಕೇಳಿದ್ದರು. ಹೆಣ್ಣುಮಕ್ಕಳು ಮುಟ್ಟಬಾರದು ಅಂತ ಕೈ ಮೇಲೆ ಹೊಡೆತವೂ ತಿಂದಿದ್ದರು. ಅವ್ವ ತೀರಿಕೊಂಡು ಬಹಳ ವರ್ಷ ಆಗಿದೆ. ಕೇಳಲು ಯಾರೂ ಇಲ್ಲ. ಊರಿನ ಸೋದರತ್ತೆಗೆ ಫೋನು ಮಾಡಿದರು. "ನಿಮ್ಮವ್ವ ಬೋರಮಾಳ ಮಾರಿ ಆ ಜೋಡಿ ಕೊಡಿಸಿದ್ದಳು" ಅಂದರಂತೆ ಅತ್ತೆ. ಆ ರಾತ್ರಿ ಆ ಅಕ್ಕ ಊಟ ಮಾಡಲಿಲ್ಲ.

ಎಂಟು ದಿನಕ್ಕೆ ಡಗ್ಗಾ ಒಯ್ದೆವು. ಹದಿನೈದು ದಿನಕ್ಕೆ ಜೋಡಿ ಸಿದ್ಧ ಆಯಿತು. ಬರುವಾಗ ಆಟೋಕ್ಕೆ 120 ರೂಪಾಯಿ. ಒಟ್ಟು ಖರ್ಚು 3,670. ಕೂಡಿಸಿ ನೋಡ್ರಿ, ತಪ್ಪಿದ್ದರೆ ಹೇಳ್ರಿ. ಇದು ನಮ್ಮ ಸಂಘದ ಲೆಕ್ಕ. ಬೇರೆ ಕಡೆ ದರ ಬೇರೆ ಇರಬಹುದು. ಹೊಸ ಜೋಡಿ ತರದೆ ನಮಗೆ 5,830 ಉಳಿಯಿತು. ಅದರಲ್ಲಿ 4,000 ರೂಪಾಯಿ ಒಬ್ಬ ತಂಗಿ ಸಾಲ ತಗೊಂಡು ಆಡು ಕೊಂಡಳು. ಆಡಿನ ಚರ್ಮದ ಮಾತು ಆಡಿ ಆಡಿ ಅವಳಿಗೆ ಆಡಿನ ನೆನಪೇ ಆಯಿತು ಅಂತ ಎಲ್ಲರೂ ಕಾಡಿಸಿದರು.

ಹೊಸ ಪುಡಿ ಮೊದಲ ದಿನಗಳಲ್ಲಿ ಹಿಗ್ಗುತ್ತದೆ. ಮತ್ತೆ ಒಮ್ಮೆ ಎಳೆದು ಬಿಗಿಯಬೇಕು. ಆ ಹಿರಿಯರು ಘತ್ತರಗಿ ಭಾಗಮ್ಮನ ದರ್ಶನಕ್ಕೆ ಬಂದವರು ನಮ್ಮ ಊರಿಗೂ ಬಂದರು. ಗುಡಿಯ ಕಟ್ಟೆ ಹತ್ತಿರ ನಿಂತರು. ಮೇಲೆ ಬರಲಿಲ್ಲ. "ನಮ್ಮದು ಚರ್ಮದ ಕೆಲಸದ ಮನೆತನ ತಾಯಿ. ತಬಲಾ ಇಲ್ಲೇ ತರ್ರಿ, ಬಿಗಿದು ಕೊಡತೀನಿ" ಅಂದರು.

ನಮ್ಮವರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು ಚಹಾ ತರಲು ಹೋದವರು ಯಾವ ಕಪ್ಪಿನಲ್ಲಿ ಕೊಡಲಿ ಅಂತ ಬಾಗಿಲಲ್ಲೇ ನಿಂತುಬಿಟ್ಟರು. ಇದನ್ನು ಮುಚ್ಚಿಡುವುದಿಲ್ಲ. ನಾವು ಅಲ್ಲಿದ್ದೆವು. ನಮಗೂ ತಟ್ಟನೆ ಮಾತು ಬರಲಿಲ್ಲ. ಅಕ್ಷರ ಕಲಿಸುವವರು ನಾವು!

ಮಾತಾಡಿದವರು ನಮ್ಮ ಎಲ್ಲರಿಗಿಂತ ಹಿರಿಯ ಅಜ್ಜಿ. "ಅವ ಕಟ್ಟಿದ ತಬಲಾ ಗುಡಿಯೊಳಗ ಬರತದ. ಅವ ಹೊರಗ ಯಾಕ?" ಅಂದರು. "ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಶರಣರೊಳಗ ಇರಲಿಲ್ಲೇನು? ಸೋಮವಾರ ಅವರ ಹೆಸರು ಹಾಡತೀರಿ. ಮಂಗಳವಾರ ಮರೀತೀರಿ." ಆಮೇಲೆ ತಮ್ಮ ಚಾಪೆ ಸರಿಸಿ ಜಾಗ ಮಾಡಿದರು. ಹಿರಿಯರು ಮೇಲೆ ಬಂದು ಕುಂತರು. ಚಹಾ ನಾವೆಲ್ಲ ಕುಡಿಯುವ ಕಪ್ಪಿನಲ್ಲೇ ಬಂತು. ಇಬ್ಬರು ಅಕ್ಕಂದಿರು ಅವತ್ತು ಎದ್ದು ಹೋದರು. ಒಬ್ಬರು ತಿರುಗಿ ಬಂದಿದ್ದಾರೆ. ಇನ್ನೊಬ್ಬರು ಬಂದಿಲ್ಲ. ಅವರ ಮನೆಗೆ ನಾವು ಇನ್ನೂ ಹೋಗುತ್ತೇವೆ, ಕರೆಯುತ್ತೇವೆ.

ಚರ್ಮ ವಾದ್ಯದವರಿಗೆ ದೇಶವೂ ಈಗ ಮಾನ ಕೊಡುತ್ತಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರು ತಮಟೆ ಬಾರಿಸುವವರು. ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಮಟೆ ಅಂದರೆ ನಮ್ಮ ಹಲಗಿಯ ಬಳಗದ ವಾದ್ಯ.

ತಬಲಾ ಬಂತು, ಬಾರಿಸುವವರು ಯಾರು? ಹೆಣ್ಣುಮಕ್ಕಳಿಗೆ ಬರುತ್ತದೇನು ಅಂತ ಕಟ್ಟೆಯ ಮೇಲೆ ಕುಂತವರು ನಕ್ಕರು. ಮುಂಬೈಯಲ್ಲಿ ಡಾ. ಆಬಾನ್ ಮಿಸ್ತ್ರಿ ಅಂತ ಇದ್ದರು. 1940ರಲ್ಲಿ ಹುಟ್ಟಿ 2012ರಲ್ಲಿ ತೀರಿಕೊಂಡರು. ದೊಡ್ಡ ಸಭೆಗಳಲ್ಲಿ ಒಬ್ಬರೇ ಕುಂತು ತಬಲಾ ಬಾರಿಸಿದರು, ತಬಲಾದ ಮೇಲೆ ಪುಸ್ತಕವನ್ನೂ ಬರೆದರು. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಘಟ ಬಾರಿಸುತ್ತಾರೆ. ಘಟ ಅಂದರೆ ಮಣ್ಣಿನ ಗಡಿಗೆ. ಗಡಿಗೆ ನಮ್ಮ ಕೈಗೆ ಹೊಸದೇನು?

ತವರಿನ ಅಕ್ಕನೇ ಕಲಿಯಲು ಕುಂತರು. ಹಾಡುವ ಒಬ್ಬ ಮುದುಕರು ವಾರಕ್ಕೆ ಎರಡು ದಿನ ಬಂದು ಹೇಳಿಕೊಟ್ಟರು. ಮೊದಲ ತಿಂಗಳು ಬೆರಳು ಬಾತವು. ರೊಟ್ಟಿ ಬಡಿಯುವಾಗಲೂ ಲೆಕ್ಕ ಹಾಕುತ್ತಿದ್ದರು. ರೊಟ್ಟಿಗೂ ತಾಳ ಅದ ನೋಡ್ರಿ ಅನ್ನುತ್ತಿದ್ದರು. ಶ್ರಾವಣದ ಮೊದಲ ಸೋಮವಾರ ಅವರು ಬಾರಿಸಲಿಲ್ಲ. ಕೈ ನಡುಗಿತು. ಎರಡನೆಯ ಸೋಮವಾರ ಒಂದೇ ಪದಕ್ಕೆ ಬಾರಿಸಿದರು. ಕಡಕೋಳ ಮಡಿವಾಳಪ್ಪನವರ ಪದ. ನಡುವೆ ಎರಡು ಸಲ ತಪ್ಪಿದರು. ಅವರ ತಮ್ಮನೂ ಬಂದಿದ್ದ. ಒಲೆಗೆ ಹಾಕುತ್ತೇನೆ ಅಂದವನು. ಹಿಂದೆ ಕಂಬಕ್ಕೆ ಒರಗಿ ಕುಂತು ಕೇಳಿದ. ಪದ ಮುಗಿದ ಮೇಲೆ ಎದ್ದು ಬಂದು ಡಗ್ಗಾದ ಮೇಲಿನ ಹೆಸರು ಹುಡುಕಿದ. ಹೊಸ ಪಟ್ಟಿ ಅದನ್ನು ಮತ್ತೆ ಮುಚ್ಚಿತ್ತು. ಅಕ್ಕ ಎರಡು ಪಟ್ಟಿ ಸರಿಸಿ ತೋರಿಸಿದರು.

ಈಗ ಜೋಪಾನದ ಮಾತು. ಬಾರಿಸುವ ಮೊದಲು ಕೈ ತೊಳೆದು ಒರೆಸಿಕೊಳ್ಳಬೇಕು. ಎಣ್ಣೆ ಕೈ ಮುಟ್ಟಿಸಬಾರದು. ಬೆವರಿನ ಕೈಗೆ ಸ್ವಲ್ಪ ಪೌಡರ್ ಹಚ್ಚಿಕೊಳ್ರಿ. ಶಾಹಿಯ ಮೇಲೆ ನೀರು ಬೀಳಬಾರದು. ಬಿಸಿಲಲ್ಲಿ, ಒಲೆ ಹತ್ತಿರ ಇಡಬಾರದು. ಮಳೆಗಾಲದಲ್ಲಿ ಚರ್ಮ ಸಡಿಲ ಆಗುತ್ತದೆ. ಹೆದರಬ್ಯಾಡ್ರಿ. ಗಟ್ಟಾ ತಟ್ಟಿ ಬಿಗಿಯಿರಿ. ಒಂದೇ ಕಡೆ ತಟ್ಟಬ್ಯಾಡ್ರಿ, ಸುತ್ತಲೂ ಸಮ ತಟ್ಟಬೇಕು. ಮಕ್ಕಳ ಕೈಗೆ ಸುತ್ತಿಗೆ ಕೊಡಬ್ಯಾಡ್ರಿ.

ಇನ್ನೊಂದು ಕೆಲಸ ಉಳಿದಿದೆ. ತಬಲಾಕ್ಕೆ ಗವಸಣಿಗೆ ಇಲ್ಲ. ಅಂಗಡಿಯಲ್ಲಿ 600 ರೂಪಾಯಿ ಹೇಳಿದರು. ನಾಳೆ ಬರುವಾಗ ಒಬ್ಬೊಬ್ಬರು ಒಂದು ತುಂಡು ಹಳೆ ಸೀರೆ ತರ್ರಿ, ದಪ್ಪನೆಯದು. ಸೂಜಿ ದಾರ ನಾವು ತರುತ್ತೇವೆ.